ಭತ್ತದ ಹುಲ್ಲಲ್ಲಿ ಅಣಬೆ: ಬೆಳೆಯೋದು ಸುಲಭ, ಆದ್ರೆ ಮಾರೋ ಲೆಕ್ಕ ಮೊದಲು ಹಾಕಿ

ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಕಟಾವು ಮೆಷಿನ್ ಓಡಿದ ಮೇಲೆ ಉಳಿಯೋದು ಹುಲ್ಲು. ದನ ಇರೋರು ಬಣವೆ ಒಟ್ಟುತ್ತಾರೆ, ಇಲ್ಲದೋರು ಮಾರುತ್ತಾರೆ, ಮುಂದಿನ ನಾಟಿಗೆ ಅವಸರ ಇರೋರು ಗದ್ದೆಯಲ್ಲೇ ಬೆಂಕಿ ಇಡುತ್ತಾರೆ. ಅದೇ ಹುಲ್ಲಲ್ಲಿ ಮನೆ ಹಿಂದಿನ ಒಂದು ಕೋಣೆಯಲ್ಲಿ ಅಣಬೆ ಬೆಳೆಯಬಹುದು. ಜಮೀನು ಬೇಡ, ಬೋರ್‌ವೆಲ್ ಬೇಡ, ಬೀಜ ಹಾಕಿ ತಿಂಗಳೊಳಗೆ ಮೊದಲ ಫಸಲು ಕೈಗೆ ಬರುತ್ತೆ.

ಇಷ್ಟು ಕೇಳಿ ಒಂದೇ ಸಲ 100, 200 ಚೀಲ ತುಂಬಿ ಕೈ ಸುಟ್ಟುಕೊಳ್ಳೋರೂ ಇದ್ದಾರೆ. ಹಾಗಾಗೋದು ಬಹಳ ಸಲ ಅಣಬೆ ಬರದೇ ಅಲ್ಲ. ಎಲ್ಲಾ ಒಟ್ಟಿಗೆ ಬಂದು, ಮಾರೋಕೆ ಜಾಗ ಇಲ್ಲದೆ, ಮೂರು ದಿನದಲ್ಲಿ ಕೊಳೆತು ಹೋಗಿ. ಹಾಗಾಗಿ ಬೆಳೆಯೋ ಕ್ರಮದ ಜೊತೆಗೆ ಮಾರೋ ಲೆಕ್ಕವನ್ನೂ ಇಲ್ಲಿ ಕೊಡಲಾಗಿದೆ.

ಯಾವ ಅಣಬೆ?

ದೊಡ್ಡ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಡಬ್ಬಿಯಲ್ಲಿ ಬರೋ ಗುಂಡನೆಯದು ಬಟನ್ ಅಣಬೆ. ಅದಕ್ಕೆ ವಿಶೇಷವಾಗಿ ಕೊಳೆಸಿದ ಗೊಬ್ಬರ ಬೇಕು, ಫಸಲಿನ ಹೊತ್ತಿಗೆ ಕೋಣೆ 14ರಿಂದ 18 ಡಿಗ್ರಿ ತಂಪಿರಬೇಕು. ನಮ್ಮ ಕಡೆ ಎ.ಸಿ. ಇಲ್ಲದೆ ಅದು ಆಗೋ ಮಾತಲ್ಲ.

ಹುಲ್ಲಲ್ಲಿ ಬೆಳೆಯೋದು ಚಿಪ್ಪಿನ ಆಕಾರದ ಸಿಂಪಿ ಅಣಬೆ. ಆಯ್‌ಸ್ಟರ್ ಅಂತಲೂ ಕರೀತಾರೆ. ಬಿಳಿ, ಬೂದು, ಗುಲಾಬಿ ಬಣ್ಣದ ತಳಿಗಳಿವೆ. ಹೊಸಬರಿಗೆ ಬಿಳಿ ತಳಿ ಒಳ್ಳೇದು, ಗಿರಾಕಿಯೂ ಬೇಗ ಒಪ್ಪುತ್ತಾರೆ. ಇದಕ್ಕೆ 20ರಿಂದ 28 ಡಿಗ್ರಿ ಬಿಸಿ, ಶೇ 80ಕ್ಕಿಂತ ಹೆಚ್ಚು ತೇವ ಇರೋ ಗಾಳಿ ಸಾಕು. ದಾವಣಗೆರೆ ಜಿಲ್ಲೆಯಲ್ಲಿ ಜೂನ್‌ನಿಂದ ಜನವರಿ, ಹೆಚ್ಚೆಂದರೆ ಫೆಬ್ರವರಿವರೆಗೆ ಈ ಹವೆ ಸಿಗುತ್ತೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಲ್ಲಿ ಇಳುವರಿ ಬೀಳುತ್ತೆ. ಆಗ 30ರಿಂದ 35 ಡಿಗ್ರಿಯಲ್ಲೂ ಬರೋ ಹಾಲು ಅಣಬೆ ಇದೆ. ಅದಕ್ಕೆ ಚೀಲದ ಮೇಲೆ ಹದ ಮಾಡಿದ ಮಣ್ಣು ಮುಚ್ಚೋ ಕೆಲಸ ಹೆಚ್ಚಿಗೆ. ಸಿಂಪಿ ಅಣಬೆಯಲ್ಲಿ ಕೈ ಕುದುರಿದ ಮೇಲೆ ಅದಕ್ಕೆ ಹೋಗೋದು ವಾಸಿ.

ಹುಲ್ಲಲ್ಲಿ ಅಣಬೆ ಅನ್ನೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನ ಜಕಿಯಾ ಬಾನು ಮತ್ತು ಎಚ್.ಸಿ. ಶ್ರೀವಾಸ್ತವ ಭತ್ತದ ಹುಲ್ಲಲ್ಲಿ ಸಿಂಪಿ ಅಣಬೆ ಬೆಳೆಸಿ 1962ರಲ್ಲೇ ಪ್ರಬಂಧ ಪ್ರಕಟಿಸಿದ್ದರು.

ಯಾವ ತ್ಯಾಜ್ಯ ಆಗುತ್ತೆ?

ಸಿಂಪಿ ಅಣಬೆ ಹುಲ್ಲು, ಕಟ್ಟಿಗೆಯಲ್ಲಿರೋ ನಾರನ್ನೇ ತಿಂದು ಬೆಳೆಯೋ ಜೀವಿ. ಅದಕ್ಕೇ ಹೊಲದ ಒಣ ತ್ಯಾಜ್ಯದಲ್ಲಿ ಬಹಳಷ್ಟು ಅದಕ್ಕೆ ಒಗ್ಗುತ್ತೆ.

- ಭತ್ತದ ಹುಲ್ಲು: ಎಲ್ಲಕ್ಕಿಂತ ಸುಲಭ, ಹೊಸಬರು ಇದರಲ್ಲೇ ಶುರು ಮಾಡಬೇಕು.
- ರಾಗಿ ಹುಲ್ಲು: ಆಗುತ್ತೆ. ಆದ್ರೆ ದನಕ್ಕೆ ಅದು ಒಳ್ಳೆ ಮೇವು, ಅದನ್ನ ತಪ್ಪಿಸಿ ಇಲ್ಲಿಗೆ ಹಾಕೋದು ಲೆಕ್ಕಕ್ಕೆ ಬರಲ್ಲ.
- ಮೆಕ್ಕೆಜೋಳದ ದಂಟು, ಕಾಳು ಬಿಡಿಸಿದ ಬೆಂಡು: ಸಣ್ಣಗೆ ಪುಡಿ ಮಾಡಿಸಿದರೆ ಆಗುತ್ತೆ. ಇಡೀ ಬೆಂಡು ನೀರು ಹೀರಲ್ಲ.
- ಕಬ್ಬಿನ ಸಿಪ್ಪೆ: ಆಗುತ್ತೆ. ಸಿಹಿ ಉಳಿದಿರೋದ್ರಿಂದ ಬೇಗ ಬೂಸ್ಟು ಹಿಡಿಯುತ್ತೆ, ಚೆನ್ನಾಗಿ ತೊಳೀಬೇಕು.
- ಅಡಿಕೆ ಹಾಳೆ, ಗೊನೆಕಡ್ಡಿ: ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆ ಮತ್ತು ತೆಂಗಿನ ತೋಟದ ತ್ಯಾಜ್ಯದಲ್ಲಿ ಸಿಂಪಿ ಅಣಬೆ ಬೆಳೆಸಿ ನೋಡಿದೆ. ಚನ್ನಗಿರಿ ಕಡೆಯವರು ಹಾಳೆ ತಟ್ಟೆ ಘಟಕದಲ್ಲಿ ಉಳಿಯೋ ಚೂರುಗಳನ್ನ ಹುಲ್ಲಿನ ಜೊತೆ ಬೆರೆಸಿ ಒಂದೆರಡು ಚೀಲ ಪ್ರಯತ್ನ ಮಾಡಬಹುದು.

ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆ ತಂದು ಶುರು ಮಾಡೋದು ಬೇಡ. ಅದು ಗಟ್ಟಿ ನಾರು, ಮಳೆಗೆ ನೆನೆದು ಆಗಲೇ ಬೇರೆ ಬೂಸ್ಟು ಹಿಡಿದಿರುತ್ತೆ.

ಹುಲ್ಲಿನ ವಿಷಯದಲ್ಲೂ ಇದೇ ಮಾತು. ಹೊಸ ಹುಲ್ಲು, ಹೊಂಬಣ್ಣದ್ದು, ಒಂದು ಮಳೆಗೂ ಸಿಗದ್ದು ಬೇಕು. ಬಣವೆಯ ಮೇಲಿನ ಕಪ್ಪು ಪದರ, ತಳದ ಒದ್ದೆ ಪದರ ಬಿಟ್ಟು ನಡುವಿನದು ಹಿರಿದುಕೊಳ್ಳಿ. ಕಟಾವಿಗೆ ಮುಂಚೆ ಔಷಧಿ ಹೊಡೆದ ಗದ್ದೆಯ ಹುಲ್ಲು ಬೇಡ, ಇದು ತಿನ್ನೋ ಪದಾರ್ಥ.

20 ಚೀಲಕ್ಕೆ ಏನೇನು ಬೇಕು?

- ಒಣ ಹುಲ್ಲು: ಸುಮಾರು 35 ಕೆಜಿ (ನೆನೆದ ಮೇಲೆ 100 ಕೆಜಿ ಆಗುತ್ತೆ)
- ಅಣಬೆ ಬೀಜ: 2.5 ಕೆಜಿ
- ಪಾಲಿಥಿನ್ ಚೀಲ: 14 ಇಂಚು ಅಗಲ, 24 ಇಂಚು ಉದ್ದ, 20
- ನೀರು ಕಾಯಿಸೋಕೆ ಡ್ರಮ್ ಅಥವಾ ದೊಡ್ಡ ಹಂಡೆ
- ಶುದ್ಧವಾದ ಟಾರ್ಪಾಲ್, ಗೋಣಿಚೀಲ, ನೈಲಾನ್ ಹಗ್ಗ
- ನೀರು ಚಿಮುಕಿಸೋಕೆ ಹೊಸ ಕೈ ಸ್ಪ್ರೇಯರ್. ಗದ್ದೆಗೆ ಔಷಧಿ ಹೊಡೆದ ಪಂಪ್ ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು
- ಬಿಸಿಲು ಬೀಳದ, ಗಾಳಿ ಆಡೋ, ಕಿಟಕಿಗೆ ಸೊಳ್ಳೆ ಪರದೆ ಇರೋ ಕೋಣೆ

ಅಣಬೆ ಬೀಜ ಅಂದ್ರೆ ನಿಜವಾದ ಬೀಜ ಅಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಪ್ರಯೋಗಾಲಯದಲ್ಲಿ ಹಬ್ಬಿಸಿದ ಅಣಬೆಯ ಬಿಳಿ ಎಳೆ. ಇದನ್ನ ಸ್ಪಾನ್ ಅಂತಾರೆ. ಪ್ಯಾಕೆಟ್ ತುಂಬ ಬೆಳ್ಳಗಿರಬೇಕು. ಹಸಿರು, ಕಪ್ಪು ಚುಕ್ಕೆ ಇದ್ರೆ, ಹುಳಿ ವಾಸನೆ ಬಂದ್ರೆ ತಗೋಬೇಡಿ. ತಯಾರಿಸಿದ ತಾರೀಖು ಕೇಳಿ, ಎರಡು ಮೂರು ವಾರದೊಳಗೆ ಬಳಸಿ. ಬಸ್ಸಲ್ಲಿ ತರೋರು ಎಂಜಿನ್ ಪಕ್ಕ ಇಡಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಬೈಕ್ ಡಿಕ್ಕಿಯಲ್ಲಿ ಬಿಡಬೇಡಿ. ಕಾದರೆ ಬೀಜ ಸಾಯುತ್ತೆ, ಸತ್ತಿದ್ದು ಕಣ್ಣಿಗೆ ಕಾಣಲ್ಲ.

ಮಾಡೋ ಕ್ರಮ

ಕತ್ತರಿಸಿ ನೆನೆಸೋದು. ಹುಲ್ಲನ್ನ ಎರಡು ಇಂಚಿನಷ್ಟು ಕತ್ತರಿಸಿ, ಗೋಣಿಚೀಲಕ್ಕೆ ತುಂಬಿ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಆ ನೀರು ಬಸಿದು ಚೆಲ್ಲಿ.

ಬಿಸಿನೀರು. 80 ಡಿಗ್ರಿ ಕಾದ ನೀರಲ್ಲಿ ಒಂದು ಗಂಟೆ ಇಡಬೇಕು. ಥರ್ಮಾಮೀಟರ್ ಇಲ್ಲದೋರು ನೀರು ಕುದಿ ಬಂದ ಮೇಲೆ ಚೀಲ ಇಳಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಹುಲ್ಲಲ್ಲಿ ಮೊದಲೇ ಇರೋ ಬೇರೆ ಬೂಸ್ಟು, ಹುಳದ ಮೊಟ್ಟೆ ಇದರಿಂದ ಸಾಯುತ್ತೆ. ಇದನ್ನ ಅರ್ಧಂಬರ್ಧ ಮಾಡಿದರೆ ಅಣಬೆಗಿಂತ ಮೊದಲು ಹಸಿರು ಬೂಸ್ಟು ಏಳುತ್ತೆ. ಕೆಲವರು ಕಾರ್ಬೆಂಡಜಿಮ್, ಫಾರ್ಮಲಿನ್ ಬೆರೆಸಿದ ನೀರಲ್ಲಿ ನೆನೆಸುತ್ತಾರೆ. ಸೌದೆ ಉಳಿಯುತ್ತೆ ನಿಜ. ಆದ್ರೆ ಅದರ ಘಾಟು ಕಣ್ಣು, ಮೂಗಿಗೆ ಕೆಟ್ಟದ್ದು, ಆಮೇಲೆ ಸಾವಯವ ಅಂತ ಹೇಳಿ ಮಾರೋಕೂ ಬರಲ್ಲ. ಮನೆ ಮಟ್ಟಕ್ಕೆ ಬಿಸಿನೀರೇ ಸಾಕು.

ಆರಿಸೋದು. ಡೆಟಾಲ್ ನೀರಲ್ಲಿ ಒರೆಸಿದ ಟಾರ್ಪಾಲ್ ಮೇಲೆ ನೆರಳಲ್ಲಿ ಹರವಿ. ಒಂದು ಮುಷ್ಟಿ ಹುಲ್ಲು ಗಟ್ಟಿಯಾಗಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆ ಆಗಬೇಕು. ಅದೇ ಹದ. ಹುಲ್ಲು ಪೂರ್ತಿ ತಣ್ಣಗಾಗಿರಬೇಕು, ಬಿಸಿ ಹುಲ್ಲಿಗೆ ಬೀಜ ಹಾಕಿದರೆ ಬೆಂದು ಹೋಗುತ್ತೆ.

ತುಂಬೋದು. ಸೋಪು ಹಚ್ಚಿ ಕೈ ತೊಳೆದು, ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ ಕೂತುಕೊಳ್ಳಿ. ಚೀಲಕ್ಕೆ ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ, ಹೀಗೆ ನಾಲ್ಕೈದು ಪದರ. ಒಂದು ಚೀಲಕ್ಕೆ 5 ಕೆಜಿ ಒದ್ದೆ ಹುಲ್ಲು, 125 ಗ್ರಾಂ ಬೀಜ. ಒತ್ತಿ ತುಂಬಿ, ಬಾಯಿ ಕಟ್ಟಿ, ಶುದ್ಧ ಮೊಳೆಯಿಂದ 15–20 ತೂತು ಮಾಡಿ. ಚೀಲದ ಮೇಲೆ ತಾರೀಖು ಬರೀರಿ.

ಹಬ್ಬೋದು. 15ರಿಂದ 20 ದಿನ ಮಬ್ಬುಗತ್ತಲ ಕೋಣೆಯಲ್ಲಿ ಬಿಡಿ. ನೀರು ಹಾಕಬೇಡಿ, ಬಿಚ್ಚಿ ನೋಡಬೇಡಿ. ಬಿಳಿ ಎಳೆ ಹಬ್ಬುತ್ತಾ ಇಡೀ ಚೀಲ ಹತ್ತಿ ಉಂಡೆಯ ಥರ ಬೆಳ್ಳಗಾಗುತ್ತೆ.

ಬಿಚ್ಚಿ ನೇತು ಹಾಕೋದು. ಆಮೇಲೆ ಪಾಲಿಥಿನ್ ಹರಿದು ತೆಗೆದು, ಹಗ್ಗದಲ್ಲಿ ನೆಲುವಿನ ಥರ ನೇತು ಹಾಕಿ. ಚೀಲದಿಂದ ಚೀಲಕ್ಕೆ ಒಂದಡಿ ಜಾಗ ಬಿಡಿ. ದಿನಕ್ಕೆ ಎರಡು ಮೂರು ಸಲ ಮಂಜು ಬಿದ್ದಂತೆ ನೀರು ಚಿಮುಕಿಸಿ, ಗೋಡೆಗೆ ಒದ್ದೆ ಗೋಣಿ ಕಟ್ಟಿ, ಬೆಳಿಗ್ಗೆ ಸಂಜೆ ಕಿಟಕಿ ತೆಗೆದು ಗಾಳಿ ಬಿಡಿ. ಪೇಪರ್ ಓದೋಕೆ ಆಗೋಷ್ಟು ಬೆಳಕು ಸಾಕು. ನಾಲ್ಕೈದು ದಿನಕ್ಕೆ ಗುಂಡುಸೂಜಿ ತಲೆಯಂಥ ಮೊಗ್ಗು ಕಾಣುತ್ತೆ, ಅಲ್ಲಿಂದ ಎರಡು ಮೂರು ದಿನಕ್ಕೆ ಕೊಯ್ಲು.

ಕೊಯ್ಲು. ಅಂಚು ಮೇಲಕ್ಕೆ ಸುರುಟೋ ಮೊದಲೇ ಕೀಳಬೇಕು. ಬುಡ ಹಿಡಿದು ತಿರುಚಿ ಇಡೀ ಗೊಂಚಲು ತೆಗೀರಿ, ಬುಡದ ಚೂರು ಉಳಿಸಬೇಡಿ, ಅದು ಕೊಳೀತದೆ. ಕೀಳೋ ಮುಂಚೆ ನೀರು ಹೊಡೀಬೇಡಿ, ಒದ್ದೆ ಅಣಬೆ ಬೇಗ ಕೆಡುತ್ತೆ. 7ರಿಂದ 10 ದಿನಕ್ಕೆ ಎರಡನೇ ಫಸಲು, ಹಾಗೇ ಮೂರನೇದು. ಬೀಜ ಹಾಕಿದ ದಿನದಿಂದ ಸುಮಾರು 50–60 ದಿನಕ್ಕೆ ಚೀಲದ ಆಯಸ್ಸು ಮುಗೀತು.

ಎಲ್ಲಿ ಕೆಡುತ್ತೆ, ಯಾಕೆ?

- ಹಸಿರು ಬೂಸ್ಟು: ಹುಲ್ಲು ಹಳೇದು, ಬಿಸಿ ಸಾಲಲಿಲ್ಲ ಅಥವಾ ಕೈ ಕೊಳಕು. ಆ ಚೀಲವನ್ನ ಕೋಣೆಯೊಳಗೆ ಬಿಚ್ಚದೆ ಹೊರಗೆ ಒಯ್ದು ದೂರ ಹೂತುಬಿಡಿ.
- ಕೆಟ್ಟ ವಾಸನೆ, ತಳದಲ್ಲಿ ನೀರು: ಹುಲ್ಲು ಆರಲಿಲ್ಲ.
- ಉದ್ದ ಕಾಂಡ, ಚಿಕ್ಕ ಟೋಪಿ: ಗಾಳಿ ಸಾಲದು, ಕಿಟಕಿ ತೆಗೀರಿ.
- ಮೊಗ್ಗು ಹಳದಿಯಾಗಿ ಒಣಗೋದು: ತೇವ ಸಾಲದು ಅಥವಾ ಫ್ಯಾನ್ ಗಾಳಿ ನೇರ ಬೀಳ್ತಿದೆ.
- ಸಣ್ಣ ನೊಣ: ಪರದೆ ಹರಿದಿದೆ, ಕೊಳೆತ ಚೂರು ಒಳಗೇ ಬಿದ್ದಿದೆ. ಕೀಟನಾಶಕ ಹೊಡೀಬೇಡಿ, ಕೋಣೆ ಶುದ್ಧ ಮಾಡಿ.
- ತೆಳು ಕಾಂಡದ, ಬೇಗ ಕಪ್ಪಾಗಿ ಕರಗೋ ಕೊಡೆ: ಇದು ಬೇರೆ ಅಣಬೆ, ಕಳೆ ಇದ್ದಂಗೆ. ತಿನ್ನೋದೂ ಬೇಡ, ಮಾರೋದೂ ಬೇಡ, ಕಿತ್ತು ಹಾಕಿ.

ಮಾರೋ ಲೆಕ್ಕ

ಒಂದು ಕೆಜಿ ಒಣ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ಅಣಬೆ ಸಿಗುತ್ತೆ ಅಂತ ಇಟ್ಟುಕೊಳ್ಳಿ. ಪಳಗಿದವರು ಇನ್ನೂ ಹೆಚ್ಚು ತೆಗೀತಾರೆ. ಮೇಲೆ ಹೇಳಿದ ಅಳತೆಯ ಒಂದು ಚೀಲ ಮೂರೂ ಫಸಲು ಸೇರಿ ಸುಮಾರು 1 ಕೆಜಿ ಕೊಡುತ್ತೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಮೊದಲ ಫಸಲಲ್ಲೇ ಬರುತ್ತೆ.

ಈಗ 100 ಚೀಲ ಒಂದೇ ದಿನ ತುಂಬಿದವರ ಗತಿ ನೋಡಿ. ತಿಂಗಳೊಳಗೆ ಎರಡು ಮೂರು ದಿನದಲ್ಲಿ 50 ಕೆಜಿ ಒಟ್ಟಿಗೆ ಬರುತ್ತೆ. 200 ಗ್ರಾಂ ಪ್ಯಾಕೆಟ್ ಮಾಡಿದರೆ 250 ಪ್ಯಾಕೆಟ್. ಹೊರಗಿಟ್ಟರೆ ಒಂದು ದಿನ, ಫ್ರಿಡ್ಜಲ್ಲಿ ಮೂರರಿಂದ ಐದು ದಿನ ಬಾಳಿಕೆ. ತಾಲ್ಲೂಕು ಕೇಂದ್ರದಲ್ಲಿ ಅಷ್ಟು ದಿನದಲ್ಲಿ 250 ಪ್ಯಾಕೆಟ್ ಯಾರು ತಗೋತಾರೆ? ಆಮೇಲೆ ವಾರ ಪೂರ್ತಿ ಒಂದೂ ಇಲ್ಲ. ಕೇಳಿ ಬಂದ ಹೋಟೆಲಿನವರೂ ಎರಡನೇ ಸಲ ಫೋನ್ ಮಾಡಲ್ಲ.

ಅದಕ್ಕೆ ಲೆಕ್ಕ ತಿರುಗಿಸಿ ಹಾಕಬೇಕು. ಒಂದು ಚೀಲಕ್ಕೆ 1 ಕೆಜಿ ಅಂದ್ರೆ, ದಿನಕ್ಕೆ 1 ಕೆಜಿ ಮಾರೋಕೆ ದಿನಕ್ಕೆ 1 ಚೀಲ ತುಂಬಬೇಕು. ದಿನಾ ಹುಲ್ಲು ಬೇಯಿಸೋಕೆ ಆಗದಿದ್ರೆ ನಾಲ್ಕು ದಿನಕ್ಕೊಮ್ಮೆ 4 ಚೀಲ. ಒಂದು ಚೀಲ 50–60 ದಿನ ಕೋಣೆಯಲ್ಲಿರೋದ್ರಿಂದ ದಿನಕ್ಕೆ 1 ಕೆಜಿಯವರಿಗೆ 50–60 ಚೀಲದ ಜಾಗ ಬೇಕು. ದಿನಕ್ಕೆ 4 ಕೆಜಿ ಗಿರಾಕಿ ಇದ್ರೆ 200ಕ್ಕೂ ಹೆಚ್ಚು ಚೀಲದ್ದು.

ಹಾಗಾದ್ರೆ ಮೊದಲು ಮಾಡೋ ಕೆಲಸ ಹುಲ್ಲು ಕತ್ತರಿಸೋದಲ್ಲ. ಒಂದು ನೋಟ್‌ಬುಕ್ ಹಿಡಿದು ಊರು ಸುತ್ತೋದು. ತರಕಾರಿ ಅಂಗಡಿ, ಬೇಕರಿ, ಡಾಬಾ, ಖಾನಾವಳಿ, ಗೋಬಿ ಗಾಡಿ, ಸಂಜೆ ಮಿರ್ಚಿ ಹಾಕೋರು, ಮದುವೆ ಅಡುಗೆ ಕಾಂಟ್ರಾಕ್ಟರು, ಎಲ್ಲರನ್ನೂ ‘ವಾರಕ್ಕೆ ಎಷ್ಟು, ಯಾವ ದಿನ, ಯಾವ ರೇಟು’ ಅಂತ ಕೇಳಿ ಬರೆದುಕೊಳ್ಳಬೇಕು. ‘ತಗೊಂಡು ಬಾ ನೋಡೋಣ’ ಅಂದವರನ್ನ ಲೆಕ್ಕಕ್ಕೆ ಹಿಡೀಬೇಡಿ. ಶ್ರಾವಣ, ಕಾರ್ತಿಕದಲ್ಲಿ ಮಾಂಸ ಬಿಟ್ಟವರ ಮನೆಯಿಂದ ಬೇಡಿಕೆ ಬರಬಹುದು, ಆ ಹೊತ್ತಿಗೆ ಫಸಲು ಬರೋ ಹಾಗೆ ತಿಂಗಳ ಮುಂಚೆ ಚೀಲ ತುಂಬಿ.

ಮೊದಲ ಸಲ 5 ಚೀಲ ಸಾಕು. 2 ಕೆಟ್ಟರೂ ಪಾಠ ಸಿಕ್ಕಿತು, ನಷ್ಟ ಸಣ್ಣದು.

ಅಂಗಡಿಯವರು ಗಮನಿಸಬೇಕಾದ್ದು

- ಪ್ಯಾಕೆಟ್‌ಗೆ ನಾಲ್ಕೈದು ಸಣ್ಣ ತೂತು ಇರಲೇಬೇಕು. ಗಾಳಿಯಾಡದ ಕವರಲ್ಲಿ ಬೆವರು ಕಟ್ಟಿ ಲೋಳೆ ಬರುತ್ತೆ.
- ಫ್ರಿಡ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಫ್ರೀಜರ್‌ಗೆ ಬೇಡ, ಮೇಲೆ ಭಾರ ಹೇರೋದು ಬೇಡ.
- ಕೊಯ್ದ ತಾರೀಖು ಬರೆದ ಪ್ಯಾಕೆಟ್ ಮಾತ್ರ ತಗೊಳ್ಳಿ.
- ಹಳದಿ ತಿರುಗಿ, ಜಿಗುಟಾಗಿ, ಮೀನಿನ ಥರ ವಾಸನೆ ಬಂದದ್ದನ್ನ ರೇಟು ಇಳಿಸಿ ಮಾರಬೇಡಿ, ಎಸೀರಿ.
- ‘ಇದು ವೆಜ್ಜಾ, ನಾನ್‌ವೆಜ್ಜಾ?’ ಅಂತ ಕೇಳೋರಿಗೆ ಉತ್ತರ: ಇದು ಪ್ರಾಣಿ ಅಲ್ಲ, ಶಿಲೀಂಧ್ರ. ಹುಲ್ಲು ತಿಂದು ಬೆಳೆದದ್ದು, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆಯೇ ಬರುತ್ತೆ. ತಿನ್ನೋದು ಬಿಡೋದು ಅವರವರ ಮನೆ ಪದ್ಧತಿ.

ಮಿಕ್ಕಿದ್ದನ್ನ ಮಾರನೇ ದಿನಕ್ಕೆ ಕಾಯದೆ ಅದೇ ದಿನ ಒಣಗಿಸಬೇಕು. 10 ಕೆಜಿ ಹಸಿಗೆ ಸುಮಾರು 1 ಕೆಜಿ ಒಣ ಅಣಬೆ ಸಿಗುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತೆ. ಸೂಪ್ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರೋರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ ನಂಬರನ್ನ ಪ್ಯಾಕೆಟ್ ಮೇಲೆ ಹಾಕಬೇಕು.

‘ಬೆಳೆದದ್ದೆಲ್ಲ ನಾವೇ ಕೊಳ್ತೀವಿ’ ಅನ್ನೋರ ಬಗ್ಗೆ

ವಾಟ್ಸಾಪಲ್ಲಿ ಒಂದು ಥರದ ಜಾಹೀರಾತು ಬರುತ್ತೆ. ಸಾವಿರಾರು ರೂಪಾಯಿ ಕಟ್ಟಿ, ತರಬೇತಿ, ಬೀಜ, ಚೀಲ ಎಲ್ಲಾ ಕೊಡ್ತೀವಿ, ಅಣಬೆಯನ್ನ ಮಾರ್ಕೆಟ್‌ಗಿಂತ ಹೆಚ್ಚಿನ ರೇಟಿಗೆ ವಾಪಸ್ ಕೊಳ್ತೀವಿ ಅಂತ. ಹಣ ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ.

1. ಕರಾರು ಕಾಗದದಲ್ಲಿದೆಯಾ? ಅದರಲ್ಲಿ ರೇಟು, ಎಷ್ಟು ದಿನಕ್ಕೆ ಹಣ ಅನ್ನೋದು ಬರೆದಿದೆಯಾ?
2. ಹಸಿ ಅಣಬೆ ಕೊಳ್ತಾರಾ, ಒಣಗಿದ್ದು ಮಾತ್ರನಾ? ಒಣಗಿದ್ದಕ್ಕೆ ಹೇಳಿದ ರೇಟನ್ನ ಹತ್ತರಿಂದ ಭಾಗಿಸಿ ನೋಡಿ, ಆಗ ಹಸಿಯ ನಿಜವಾದ ರೇಟು ಗೊತ್ತಾಗುತ್ತೆ.
3. ‘ಕ್ವಾಲಿಟಿ ಸರಿ ಇಲ್ಲ’ ಅಂತ ವಾಪಸ್ ಕಳಿಸೋಕೆ ಯಾವ ಅಳತೆ?
4. ಆರು ತಿಂಗಳಿಂದ ಅವರಿಗೆ ಅಣಬೆ ಕೊಟ್ಟು ಹಣ ಪಡೆದ ಬೆಳೆಗಾರರ ಮನೆಗೆ ಹೋಗಿ ನೋಡಬಹುದಾ?

ಕೊನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲಿಗೇ ಕೈ ಮುಗೀರಿ. ಸಂಘದ ಸಾಲ, ಒಡವೆ ಸಾಲ ಎತ್ತಿ ಇಂಥದ್ದಕ್ಕೆ ಕಟ್ಟೋದಂತೂ ಬೇಡವೇ ಬೇಡ. ಅಣಬೆ ಕೊಳೆತರೂ ಕಂತು ನಿಲ್ಲಲ್ಲ.

ಆರೋಗ್ಯದ ಎರಡು ಎಚ್ಚರಿಕೆ

ಒಂದು, ಸಿಂಪಿ ಅಣಬೆ ಬಲಿತರೆ ಬಿಳಿ ಧೂಳಿನಂಥ ಬೀಜಕಣ ಉದುರಿಸುತ್ತೆ. ಮುಚ್ಚಿದ ಕೋಣೆಯಲ್ಲಿ ದಿನಾ ಅದನ್ನ ಉಸಿರಾಡಿದವರಿಗೆ ಕೆಮ್ಮು, ಜ್ವರ, ಉಬ್ಬಸ ಬರಬಹುದು. ಕೊಯ್ಯೋವಾಗ ಮಾಸ್ಕ್ ಹಾಕಿ, ಒಳಗೆ ಹೋಗೋ ಮುಂಚೆ ಕಿಟಕಿ ತೆಗೀರಿ, ಬಲಿಯೋ ಮೊದಲೇ ಕೀಳಿ. ಮಲಗೋ ಕೋಣೆಯಲ್ಲಿ ಚೀಲ ಕಟ್ಟಬೇಡಿ. ಅಸ್ತಮಾ ಇರೋರು ಈ ಕೆಲಸ ಬೇರೆಯವರಿಗೆ ಬಿಡೋದು ಒಳ್ಳೇದು.

ಎರಡು, ಮಳೆಗಾಲದಲ್ಲಿ ಹೊಲ, ತೋಟ, ಕಾಡಲ್ಲಿ ಏಳೋ ಅಣಬೆಯನ್ನ ಇದರ ಜೊತೆ ಬೆರೆಸಿ ಮಾರಬಾರದು. ವಿಷದ ಅಣಬೆ ನೋಡೋಕೆ ಚೆಂದವಾಗೇ ಇರುತ್ತೆ, ಬೇಯಿಸಿದರೂ ಎಲ್ಲ ವಿಷ ಹೋಗಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತೆ ಅನ್ನೋ ಪರೀಕ್ಷೆಯೂ ಸುಳ್ಳು. ತಿಂದು ವಾಂತಿ ಭೇದಿ ಆದವರನ್ನ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ತಿಂದು ಉಳಿದ ಅಣಬೆಯ ಚೂರನ್ನೂ ಜೊತೆಗೆ ಒಯ್ಯಿರಿ.

ತರಬೇತಿ, ಬೀಜ, ಸಹಾಯಧನ ಎಲ್ಲಿ?

ಬೆಂಗಳೂರು ಬಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯ ಇದೆ, ಬೀಜ ಮಾರುತ್ತಾರೆ, ತರಬೇತಿಯೂ ಕೊಡುತ್ತಾರೆ. ಹೋಗೋ ಮುಂಚೆ ಕೇಳಿ ಬೀಜ ಬುಕ್ ಮಾಡಿಕೊಳ್ಳಿ. ಜಿಲ್ಲೆಯೊಳಗೆ ಮೊದಲು ವಿಚಾರಿಸಬೇಕಾದ ಜಾಗ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೂ ದೂರ ಅಲ್ಲ.

ದೊಡ್ಡ ಘಟಕ ಹಾಕೋರಿಗೆ ತೋಟಗಾರಿಕೆ ಇಲಾಖೆ ಮೂಲಕ ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನ ಸಹಾಯಧನ ಇದೆ. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಶೆಡ್ ಕಟ್ಟಿ ಆಮೇಲೆ ಅರ್ಜಿ ಹಿಡಿದು ಹೋಗಬೇಡಿ. ಮೊದಲು ತಾಲ್ಲೂಕು ಕಚೇರಿಯಲ್ಲಿ ಕೇಳಿ, ಮಂಜೂರಾತಿ ಕಾಗದ ಕೈಗೆ ಬಂದ ಮೇಲೆ ಕಲ್ಲು ಇಳಿಸಿ. ಸಹಾಯಧನ ನಂಬಿ ಲೆಕ್ಕ ಹಾಕೋದಕ್ಕಿಂತ, ಅದಿಲ್ಲದೆಯೂ ನಡೆಯುತ್ತಾ ಅಂತ ನೋಡಿಕೊಳ್ಳೋದು ಜಾಣತನ.

ಉಳಿದ ಹುಲ್ಲು

ಮೂರು ಫಸಲು ಮುಗಿದ ಚೀಲದ ಹುಲ್ಲು ಮೆತ್ತಗಾಗಿರುತ್ತೆ. ತಿಪ್ಪೆಗೆ ಅಥವಾ ಎರೆಹುಳು ತೊಟ್ಟಿಗೆ ಹಾಕಿದರೆ ಮಾಮೂಲಿ ಹುಲ್ಲಿಗಿಂತ ಬೇಗ ಗೊಬ್ಬರ ಆಗುತ್ತೆ. ಹರಿದ ಪಾಲಿಥಿನ್ ಮಾತ್ರ ಅದರ ಜೊತೆ ಗದ್ದೆಗೆ ಹೋಗಬಾರದು, ಬೇರೆ ಆರಿಸಿ ಕಸದ ಗಾಡಿಗೆ ಕೊಡಿ.

ಗದ್ದೆಯಲ್ಲಿ ಸುಟ್ಟರೆ ಅರ್ಧ ಗಂಟೆಯ ಹೊಗೆ. ಅದೇ ಹುಲ್ಲು ಈ ದಾರಿಯಲ್ಲಿ ಬಂದರೆ ಒಂದು ಸಲ ಅಣಬೆ, ಇನ್ನೊಂದು ಸಲ ಗೊಬ್ಬರ. ಈ ಹಂಗಾಮಿಗೆ ಶುರು ಮಾಡೋರು ಬಣವೆಯಿಂದ ಒಂದು ಹೊರೆ ಹಿರಿದು ಒಣ ಜಾಗದಲ್ಲಿ ಎತ್ತಿಡಿ, ಊರಲ್ಲಿ ಹತ್ತು ಅಂಗಡಿ ವಿಚಾರಿಸಿ, ಆಮೇಲೆ 5 ಚೀಲಕ್ಕೆ ಬೀಜ ಬುಕ್ ಮಾಡಿ.